ಬಿ5 ಮನೆಯಲ್ಲಿ ಸಾಯುವುದು ಹೇಗೆ?

ಪ್ರಶ್ನೆ: ನಮ್ಮೂರು ಮಂಡ್ಯ. ಮೈಸೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಮುಂದಿನ ತಿಂಗಳು ಇಲ್ಲಿ ನಡೆಯುವ ಅನಿಮೆ (ಜಪಾನಿ ಕಾರ್ಟೂನ್) ಅಭಿಮಾನಿಗಳ ಸಮಾವೇಶದಲ್ಲಿ ಜೀವಂತ ಚದುರಂಗ ಇದೆ. ಕಾಸ್‌ಪ್ಲೇ ಮಾಡಿದವರೇ, ಅಂದರೆ ಇಷ್ಟದ ಪಾತ್ರದ ವೇಷ ಹಾಕಿದವರೇ ಕಾಯಿಗಳು. ಹೆಸರು ಕೊಟ್ಟಿದ್ದೆ, ಆಯ್ಕೆಯೂ ಆದೆ. ಆದರೆ ಸಿಕ್ಕಿದ್ದು ಕಪ್ಪು ತಂಡದ ಕಾಲಾಳು, ಬಿ ಸಾಲು. 1858ರ ಯಾವುದೋ ಪ್ಯಾರಿಸ್ ಆಟವನ್ನು ಆಡಿಸುತ್ತಾರಂತೆ. ನನಗೆ ಚೆಸ್ ಅಷ್ಟಕ್ಕಷ್ಟೇ. ರಾಣಿಯನ್ನೋ ಕುದುರೆಯನ್ನೋ ಕೇಳಿ ಪಡೆಯಲಾ? ನನ್ನ ಪಾತ್ರಕ್ಕೆ ಫೋಮ್ ಕವಚ, ನಾಲ್ಕೂವರೆ ಅಡಿ ಕತ್ತಿ ಇದೆ. ಗೆಳೆಯನೊಬ್ಬ ಸ್ಟೀಲಿನ ಕತ್ತಿಯನ್ನೇ ಕೊಡ್ತೀನಿ ಅಂತಿದ್ದಾನೆ. ಅಮ್ಮ ಮಾತ್ರ ‘ಇದ್ಯಾವ ಸೀಮೆ ಆಟ’ ಅಂತ ಗೊಣಗುತ್ತಿದ್ದಾರೆ. ಏನೇನು ತಯಾರಿ ಬೇಕು, ತಿಳಿಸಿ ಸರ್.

ಉತ್ತರ: ರಾಣಿಯನ್ನು ಕೇಳಬೇಡಿ. ಆ ಆಟದಲ್ಲಿ ನಿಮಗೆ ಬಂದಿರುವುದು ಒಳ್ಳೆಯ ಪಾತ್ರಗಳಲ್ಲಿ ಒಂದು. ಯಾರೂ ನಿಮಗೆ ಅದನ್ನು ಬಿಡಿಸಿ ಹೇಳಿಲ್ಲ, ಅಷ್ಟೇ.

1858ರ ಪ್ಯಾರಿಸ್ ಆಟ ಅಂದರೆ ಪಾಲ್ ಮಾರ್ಫಿಯದೇ ಇರಬೇಕು. ನಾನು ಚೆಸ್ ಕಲಿಸುವ ಮಕ್ಕಳಿಗೆ ಮೊದಲು ಆಡಿ ತೋರಿಸುವುದೂ ಅದನ್ನೇ. ಅಮೆರಿಕದ ಮಾರ್ಫಿಗೆ ಆಗ 21 ವರ್ಷ. ಪ್ಯಾರಿಸ್‌ನ ಒಪೆರಾ ಮಂದಿರದಲ್ಲಿ ಕೂತು ಬಿಳಿ ಕಾಯಿ ಹಿಡಿದ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್, ಇಬ್ಬರೂ ಸೇರಿ ಕಪ್ಪು. 17ನೇ ನಡೆಗೆ ಚೆಕ್‌ಮೇಟ್. ವೇದಿಕೆ ಮೇಲೆ ಒಂದು ನಾಟಕ, ಪ್ರೇಕ್ಷಕರ ಮಧ್ಯೆ ಇನ್ನೊಂದು.

ನಿಮ್ಮ ಆಯೋಜಕರಿಗೆ ತಲೆ ಇದೆ. ಈ 17 ನಡೆಗಳಲ್ಲಿ 12 ಸಲ ಕಾಯಿ ಕಡಿಯುತ್ತಾರೆ. ಎರಡೂ ಕಡೆ ಸರಿಯಾಗಿ ಆರಾರು ಜನ ಸಾಯುತ್ತಾರೆ. ಒಂದೊಂದು ಕಾಳಗಕ್ಕೆ ಒಂದೂವರೆ ನಿಮಿಷ ಹಿಡಿಯಿರಿ. ಪಾತ್ರಗಳ ಪ್ರವೇಶ, ನಿರೂಪಕರ ಮಾತು ಸೇರಿದರೆ ಮುಕ್ಕಾಲು ಗಂಟೆಯ ಮೇಲಾಗುತ್ತದೆ. ನೋಡುವವರಿಗೂ ಅದು ಹದ.

ಮೊದಲೇ ಗೊತ್ತಿರುವ ಆಟ ಯಾಕೆ, ನಿಜವಾಗಿ ಆಡಿದರೆ ಮಜಾ ಜಾಸ್ತಿ ಅಲ್ವಾ ಅಂತ ಕೆಲವರು ಕೇಳುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಮೈಸೂರಿನ ಒಂದು ಮೈದಾನದಲ್ಲಿ ಸುಣ್ಣ ಎಳೆದು, 32 ಜನರಿಗೆ ವೇಷ ಹಾಕಿಸಿ, ಆಡಲು ಮುಖ್ಯ ಅತಿಥಿಯೊಬ್ಬರನ್ನು ಕೂರಿಸಿದೆವು. ಅವರಿಗೆ ಎದುರಾಳಿ ಹತ್ತು ವರ್ಷದ ಒಬ್ಬಳು ಪುಟ್ಟಿ. ಸುಮ್ನೆ ಒಂದು ಚೆಂದಕ್ಕೆ. ಅತಿಥಿಗಳು ಚೆಸ್ ಆಡಿ ಮೂವತ್ತು ವರ್ಷ ಆಗಿತ್ತು. ಪುಟ್ಟಿ ನಾಲ್ಕೇ ನಡೆಗೆ ರಾಜನನ್ನು ಕಟ್ಟಿಹಾಕಿದಳು. ಇಡೀ ಆಟದಲ್ಲಿ ಸತ್ತದ್ದು ಒಂದೇ ಒಂದು ಕಾಲಾಳು. ಮೂರು ವಾರ ತಾಲೀಮು ಮಾಡಿದ ಕುದುರೆಗಳು, ಆನೆಗಳು ಕತ್ತಿ ಹಿಡಿದು ನಿಂತಲ್ಲೇ ನಿಂತಿದ್ದವು. ಅತಿಥಿಗಳು ಕಾಫಿಗೂ ನಿಲ್ಲದೆ ಹೊರಟರು. ಅಂದಿನಿಂದ ಬರೆದಿಟ್ಟ ಆಟ ಬಿಟ್ಟು ಬೇರೆ ಆಡಿಸಿಲ್ಲ.

ಈಗ ನಿಮ್ಮ ಬೇಸರದ ವಿಷಯ. ಮಾರ್ಫಿಯ ಈ ಆಟದಲ್ಲಿ 32 ಜನರಲ್ಲಿ 13 ಜನ ಒಂದು ಮನೆಯೂ ಕದಲುವುದಿಲ್ಲ. ಬಿಳಿಯರ ಆರು ಕಾಲಾಳುಗಳು, ಕಪ್ಪಿನವರ ನಾಲ್ಕು, ಕಪ್ಪಿನ ಒಂದು ಆನೆ (ರೂಕ್), ಒಂದು ಒಂಟೆ (ಬಿಷಪ್). ಹದಿಮೂರನೆಯವರು ಯಾರು ಗೊತ್ತಾ? ಕಪ್ಪು ರಾಜ. ನಿಮ್ಮ ತಂಡದ ರಾಜನ ವೇಷಕ್ಕೆ ಯಾರಾದರೂ ಸಾವಿರಾರು ರೂಪಾಯಿ ಸುರಿದಿದ್ದರೆ, ಪಾಪ, ಅವರು ಮೊದಲ ನಡೆಯಿಂದ ಚೆಕ್‌ಮೇಟ್‌ವರೆಗೆ ಅದೇ ಚೌಕದಲ್ಲಿ ನಿಂತಿರುತ್ತಾರೆ. ನಿಮ್ಮ ಪಕ್ಕದ ಎ ಸಾಲಿನ ಕಾಲಾಳು ಕೂಡ ಹಾಗೇ. ನೀವು ಹಾಗಲ್ಲ.

ಮೊದಲು ನಿಮ್ಮ ಮನೆ ಎಲ್ಲಿದೆ ನೋಡಿಕೊಳ್ಳಿ. ಕಪ್ಪು ತಂಡ ಎದುರಾಳಿಗಳ ಕಡೆ ಮುಖ ಮಾಡಿ ನಿಂತಾಗ, ಮುಂದಿನ ಸಾಲಿನಲ್ಲಿ ಬಲಗಡೆಯಿಂದ ಎರಡನೆಯವರು ನೀವು. ಅದು ಬಿ7. ಉದ್ದಸಾಲಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡಸಾಲಿಗೆ ಬಿಳಿಯರ ಕಡೆಯಿಂದ 1ರಿಂದ 8ರವರೆಗೆ ಅಂಕಿ, ಎರಡೂ ಸೇರಿದರೆ ಮನೆಯ ಹೆಸರು. ಬೆನ್ನ ಹಿಂದೆ ನಿಮ್ಮದೇ ತಂಡದ ಕುದುರೆ. ಮೊದಲ ಆರು ನಡೆ ನಿಮಗೂ ಆಟಕ್ಕೂ ಸಂಬಂಧ ಇಲ್ಲದ ಹಾಗೆ ಕಾಣುತ್ತದೆ. ನಡು ಅಂಗಳದಲ್ಲಿ ನಾಲ್ಕು ತಲೆ ಉರುಳಿರುತ್ತವೆ. ಏಳನೇ ನಡೆಗೆ ಬಿಳಿ ರಾಣಿ ಬಿ3ಕ್ಕೆ ಬಂದು ನಿಲ್ಲುತ್ತಾಳೆ. ಅದು ನಿಮ್ಮದೇ ಸಾಲು. ಅವಳಿಗೂ ನಿಮಗೂ ನಡುವೆ ಯಾರೂ ಇಲ್ಲ. ಬೇಕಾದರೆ ಮುಂದಿನ ನಡೆಯಲ್ಲೇ ನಿಮ್ಮನ್ನು ಕಡಿಯಬಹುದು. ಇಲ್ಲಿಂದ ನಿಮ್ಮ ನಟನೆ ಶುರು. ಮೈಯೆಲ್ಲ ಕುಣಿಸಬೇಡಿ. ಕಣ್ಣು ಮಾತ್ರ ಅವಳ ಮೇಲೆ ನೆಡಿ. ನೂರು ಜನರಲ್ಲಿ ಹತ್ತು ಜನ ಅದನ್ನು ಗಮನಿಸುತ್ತಾರೆ, ಪಕ್ಕದವರಿಗೆ ತೋರಿಸುತ್ತಾರೆ, ಅಷ್ಟು ಸಾಕು.

ರಾಣಿ ಕಡಿಯುವುದಿಲ್ಲ. ಒಂಬತ್ತನೇ ನಡೆಯಲ್ಲಿ ನೀವು ಎರಡು ಮನೆ ಮುಂದೆ ನಡೆದು ಬಿ5ಕ್ಕೆ ಬರುತ್ತೀರಿ. ಯಾಕೆ? ಸಿ4ರಲ್ಲಿ ನಿಂತ ಬಿಳಿ ಒಂಟೆಯನ್ನು ಓಡಿಸಲು. ಕಾಲಾಳು ಓರೆಯಾಗಿ ಕಡಿಯುತ್ತದೆ, ಹಾಗಾಗಿ ಆ ಒಂಟೆ ಈಗ ನಿಮ್ಮ ಕತ್ತಿಯ ಕೆಳಗೆ. ಎಲ್ಲರಿಗಿಂತ ಚಿಕ್ಕ ಕಾಯಿ ಬಂದು ದೊಡ್ಡವರಿಗೆ ‘ಏಳಯ್ಯ ಇಲ್ಲಿಂದ’ ಅನ್ನುವ ಘಳಿಗೆ. ಎರಡು ಮನೆ ಅಂದರೆ ಸುಮಾರು ಹತ್ತಡಿ. ಓಡಬೇಡಿ. ಆರು ಹೆಜ್ಜೆಯಲ್ಲಿ ನಡೆಯಿರಿ, ಕೊನೆಯ ಹೆಜ್ಜೆ ಜೋರಾಗಿ ಊರಿ, ಒಂಟೆಯ ಕಡೆ ತಿರುಗಿ ಕತ್ತಿ ಎತ್ತಿ.

ಆ ನಡೆ ತಪ್ಪು ನಡೆ. ಮಾರ್ಫಿ ಒಂಟೆಯನ್ನು ಹಿಂದಕ್ಕೆ ಎಳೆಯಲಿಲ್ಲ. ಹತ್ತನೇ ನಡೆಯಲ್ಲಿ ಸಿ3ರಲ್ಲಿದ್ದ ಕುದುರೆಯನ್ನು ಹಾರಿಸಿ ನಿಮ್ಮನ್ನು ಕಡಿದ. ಆ ಕುದುರೆಯನ್ನು ನಿಮ್ಮ ಪಕ್ಕದ ಸಿ ಸಾಲಿನ ಕಾಲಾಳು ಅಲ್ಲೇ ಕಡಿಯಿತು. ಆ ಕಾಲಾಳನ್ನು, ನೀವು ಹೆದರಿಸಿದ್ದಿರಲ್ಲ, ಅದೇ ಒಂಟೆ ಬಂದು ಕಡಿದು ರಾಜನಿಗೆ ಚೆಕ್ ಹೇಳಿತು. ಒಂದೇ ಮನೆಯಲ್ಲಿ ಬೆನ್ನು ಬೆನ್ನಿಗೆ ಮೂರು ಸಾವು. ಇಡೀ ಆಟ ತಿರುಗುವುದು ಬಿ5ರಲ್ಲಿ, ತಿರುಗಿಸಿದ್ದು ನೀವು. ಇನ್ನೂ ಒಂದಿದೆ. ನೀವು ಸತ್ತು ಖಾಲಿಯಾದ ಆ ಬಿ ಸಾಲಿನಲ್ಲೇ ಬಿಳಿ ರಾಣಿ 16ನೇ ನಡೆಗೆ ಬಿ8ರ ತನಕ ಹೋಗಿ ಬೇಕಂತಲೇ ಪ್ರಾಣ ಬಿಡುತ್ತಾಳೆ. ಮುಂದಿನ ನಡೆಗೆ ಆನೆಯಿಂದ ಚೆಕ್‌ಮೇಟ್. ಇಷ್ಟು ಕತೆ ತಿಳಿದಿದ್ದರೆ ನಿಮಗೆ ಚೆಸ್ ಸಾಕಷ್ಟು ಗೊತ್ತು ಅಂತಲೇ ಲೆಕ್ಕ. 17 ನಡೆಯನ್ನೂ ಒಂದು ಚೀಟಿಯಲ್ಲಿ ಬರೆದು, ಮನೆಯಲ್ಲಿ ಸಣ್ಣ ಬೋರ್ಡ್ ಮೇಲೆ ಹತ್ತು ಸಲ ಆಡಿ. ನಿರೂಪಕರ ಮೈಕ್ ಕೈಕೊಟ್ಟರೂ ನಿಮ್ಮ ಸರದಿ ನಿಮಗೆ ತಿಳಿಯಬೇಕು.

ಹೆಸರುಗಳ ಗೊಂದಲವನ್ನೂ ತಾಲೀಮಿನಲ್ಲೇ ಬಗೆಹರಿಸಿಕೊಳ್ಳಿ. ನಮ್ಮ ಕಡೆ ಹಳಬರಿಗೆ ರಾಣಿ ಅಂದರೆ ಮಂತ್ರಿ, ಬಿಷಪ್ ಅಂದರೆ ಒಂಟೆ, ರೂಕ್ ಅಂದರೆ ಆನೆ. ನಿರೂಪಕರು ‘ಮಂತ್ರಿ ಮುಂದೆ ಬರಲಿ’ ಅಂದಾಗ ರಾಣಿ ವೇಷದ ಹುಡುಗಿ ಅತ್ತಿತ್ತ ನೋಡುತ್ತ ನಿಂತದ್ದನ್ನು ಕಂಡಿದ್ದೇನೆ. ಬೋರ್ಡ್ ಎಳೆಯುವವರಿಗೂ ಒಂದು ಮಾತು ಹೇಳಿ: ಆಡುವವರ ಬಲಗೈ ಮೂಲೆಯ ಮನೆ ಬಿಳಿ ಇರಬೇಕು. ಇದನ್ನು ತಿರುಗುಮುರುಗು ಮಾಡದ ಜೀವಂತ ಚದುರಂಗ ನಾನು ನೋಡಿದ್ದು ಕಡಿಮೆ. ಹಾಗೇ, ಕಾಸ್‌ಪ್ಲೇ ಪಾತ್ರದ ಬಣ್ಣ ನೂರೆಂಟು ಇರುವುದರಿಂದ ಯಾರು ಯಾವ ತಂಡ ಅಂತ ದೂರದಿಂದ ತಿಳಿಯುವುದಿಲ್ಲ. ಹೆಗಲಿಂದ ಸೊಂಟಕ್ಕೆ ಅಡ್ಡಲಾಗಿ ನಾಲ್ಕು ಬೆರಳಗಲದ ಕಪ್ಪು ಬಟ್ಟೆ ಪಟ್ಟಿ ಕಟ್ಟಿಕೊಳ್ಳಿ. ಪಾತ್ರ ಕೆಡುತ್ತದೆ ಅಂತ ಕೊರಗಬೇಡಿ.

ಸ್ಟೀಲ್ ಕತ್ತಿ ಬೇಡವೇ ಬೇಡ. ಗೆಳೆಯನಿಗೆ ಥ್ಯಾಂಕ್ಸ್ ಹೇಳಿ ಅಲ್ಲೇ ಬಿಡಿ. ಒಳ್ಳೆಯ ಸಮಾವೇಶಗಳಲ್ಲಿ ಬಾಗಿಲಲ್ಲೇ ಆಯುಧ ತಪಾಸಣೆ ಇರುತ್ತದೆ, ಲೋಹದ ಅಲಗು ಒಳಗೆ ಬಿಡುವುದಿಲ್ಲ. ನಿಮ್ಮಲ್ಲಿ ತಪಾಸಣೆ ಇಲ್ಲ ಅಂದರೆ ನನಗೆ ಇನ್ನೂ ಭಯ. ಮೊಂಡು ಕತ್ತಿಯೂ ಕಬ್ಬಿಣದ ಪಟ್ಟಿಯೇ ತಾನೇ. ನಡುವಿಗೆ ಸಣ್ಣ ಪಿವಿಸಿ ಪೈಪು, ಸುತ್ತ ಫೋಮ್. ತುದಿಯಲ್ಲಿ ಮಾತ್ರ ಪೈಪು ನಾಲ್ಕು ಬೆರಳು ಹಿಂದೆಯೇ ನಿಲ್ಲಬೇಕು. ಅಲ್ಲಿ ಬರೀ ಫೋಮ್.

ಉದ್ದವನ್ನೂ ಮೂರು ಅಡಿಗೆ ಇಳಿಸಿ. ಲೆಕ್ಕ ನೋಡಿ. ಒಂದು ಮನೆ ಐದಡಿ ಇಟ್ಟರೆ ಬೋರ್ಡ್ 40 ಅಡಿ ಆಗುತ್ತದೆ. ಅದಕ್ಕಿಂತ ದೊಡ್ಡದು ಎಳೆಯಲು ಜಾಗ ಸಿಗುವುದು ಕಷ್ಟ. ನಿಮ್ಮ ಕೈ ಎರಡು ಅಡಿ, ಕತ್ತಿ ನಾಲ್ಕೂವರೆ. ಬೀಸಿದರೆ ಪಕ್ಕದ ಮನೆಯವರ ಕಿವಿ ನಿಮ್ಮದೇ. ಬಿ7ರಲ್ಲಂತೂ ಎರಡೂ ಪಕ್ಕ ಜನ, ಹಿಂದೆ ಜನ. ಅಲ್ಲಿರುವಷ್ಟು ಹೊತ್ತು ಕತ್ತಿ ನೆಟ್ಟಗೆ, ಹಿಡಿ ಹೊಟ್ಟೆಯ ಹತ್ತಿರ. ಬಿ5ಕ್ಕೆ ಬಂದ ಮೇಲೆ ಜಾಗ ಇದೆ. ಸುತ್ತಲಿನ ಎಂಟು ಮನೆಗಳಲ್ಲಿ ಇಬ್ಬರೇ ಇರುತ್ತಾರೆ, ಸಿ4ರ ಒಂಟೆ ಮತ್ತು ಸಿ6ರ ನಿಮ್ಮದೇ ಕಾಲಾಳು. ಇಬ್ಬರೂ ಒಂದೇ ಪಕ್ಕ. ಎ ಸಾಲಿನ ಕಡೆ ಖಾಲಿ. ಬೀಸುವುದು, ಸರಿಯುವುದು, ಬೀಳುವುದು ಎಲ್ಲ ಆ ಖಾಲಿ ಕಡೆಗೇ ಇರಲಿ.

ಇನ್ನು ಕಾಳಗ. ನೋಡುವವರು ಹೊಡೆಯುವವರನ್ನು ನೋಡುತ್ತಾರೆ ಅಂತ ಎಲ್ಲರೂ ತಿಳಿದಿದ್ದಾರೆ. ನಿಜಕ್ಕೂ ಕಾಳಗದ ಯಜಮಾನಿಕೆ ಪೆಟ್ಟು ತಿನ್ನುವವರದು. ಕುದುರೆ ವೇಷದವರು ಕತ್ತಿ ಎತ್ತುತ್ತಾರೆ, ನಿಮ್ಮ ಕಣ್ಣು ನೋಡುತ್ತಾರೆ. ನೀವು ‘ಸಿದ್ಧ’ ಅಂತ ಕಣ್ಣಲ್ಲೇ ಹೇಳಬೇಕು. ಹೇಳದಿದ್ದರೆ ಅವರು ಬೀಸಬಾರದು. ಈ ಒಪ್ಪಂದ ಇಬ್ಬರೂ ಬಾಯಿಬಿಟ್ಟು ಮಾಡಿಕೊಳ್ಳಿ. ಪೆಟ್ಟಿನ ಗುರಿ ಯಾವತ್ತೂ ಮೈಯಲ್ಲ, ಮೈಯಿಂದ ಒಂದು ಗೇಣು ಆಚೆ. ಮುಖದ ಎತ್ತರಕ್ಕೆ ಯಾವ ಪೆಟ್ಟೂ ಬೇಡ. ಐದು ಪೆಟ್ಟು ಸಾಕು: ಎರಡು ಅವರದು, ಎರಡು ನಿಮ್ಮದು, ಕೊನೆಯದು ಅವರದು. ಅದನ್ನೇ ಮೊದಲ ವಾರ ನೀರೊಳಗೆ ಆಡಿದಷ್ಟು ನಿಧಾನವಾಗಿ ಮಾಡಿ. ಎರಡನೇ ವಾರ ಅರ್ಧ ವೇಗ. ಆ ದಿನ ಮುಕ್ಕಾಲು. ಪೂರ್ತಿ ವೇಗ ಯಾವತ್ತೂ ಬೇಡ. ಪ್ರೇಕ್ಷಕರ ಕಣ್ಣಿಗೂ ಅದು ಹಿಡಿಯುವುದಿಲ್ಲ.

ಬೀಳುವುದನ್ನು ಹಾಸಿಗೆಯ ಮೇಲೆ ಕಲಿಯಿರಿ. ಮೊಣಕಾಲು ಕುಟ್ಟಿ ಬೀಳಬಾರದು, ಅಂಗೈ ಊರಿಯೂ ಬೀಳಬಾರದು, ಮಣಿಕಟ್ಟು ಹೋಗುತ್ತದೆ. ಒಂದು ಕಾಲು ಹಿಂದಿಟ್ಟು ಕುಕ್ಕರಿಸುವ ಹಾಗೆ ಇಳಿಯಿರಿ. ಪಿರ್ರೆಯ ಪಕ್ಕ, ಆಮೇಲೆ ಸೊಂಟ, ಆಮೇಲೆ ಭುಜ. ಗದ್ದ ಎದೆಗೆ ಒತ್ತಿರಲಿ, ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಈಗ ಮುಖ್ಯ ವಿಷಯ: ಸತ್ತ ಮೇಲೆ ಎಷ್ಟು ಹೊತ್ತು ಮಲಗಿರಬೇಕು? ನಿಮ್ಮ ಮನೆಯಲ್ಲಿ ಇನ್ನೂ ಇಬ್ಬರು ಸಾಯಲು ಸಾಲಲ್ಲಿ ನಿಂತಿದ್ದಾರೆ. ನೀವು ಅಲ್ಲೇ ಬಿದ್ದಿದ್ದರೆ ಮುಂದಿನವರು ನಿಮ್ಮನ್ನು ಎಡವುತ್ತಾರೆ. ಮೂರು ಎಣಿಸಿ, ಎ ಸಾಲಿನ ಕಡೆ ಉರುಳಿ, ಎದ್ದು ಹೊರಗೆ ಹೋಗಿ. ತೆವಳಿಕೊಂಡು ಹೋದರೆ ಚಪ್ಪಾಳೆ ಜಾಸ್ತಿ ಬೀಳುತ್ತದೆ. ಆದರೆ ಹದಿನೈದು ಸೆಕೆಂಡಿನೊಳಗೆ ಮುಗಿಸಿ, ಕುದುರೆಯ ಸಾವನ್ನು ಕದಿಯಬೇಡಿ.

ಕವಚ ಇವಿಎ ಫೋಮಿನದು ಅಂದುಕೊಳ್ಳುತ್ತೇನೆ, ಚಪ್ಪಲಿ ಅಟ್ಟೆಗೆ ಹಾಕುವ ಜಾತಿಯದು. ಹಗುರ ಇರುತ್ತದೆ, ಆದರೆ ಗಾಳಿ ಆಡುವುದಿಲ್ಲ, ಒಳಗೆ ಬೆವರಿನ ಹೊಳೆ. ಬೆನ್ನಿನ ತುಂಡನ್ನು ಪೂರ್ತಿ ಮುಚ್ಚದೆ ಅಡ್ಡಪಟ್ಟಿಗಳಲ್ಲಿ ಕಟ್ಟಿ, ಮೇಲೆ ಶಲ್ಯ ಇಳಿಬಿಟ್ಟರೆ ಯಾರಿಗೂ ಕಾಣಿಸದು. ಒಳಗೆ ತೆಳು ಕಾಟನ್ ಬನಿಯನ್. ತೊಡೆಯ ತುಂಡು ಹಾಕಿಕೊಂಡು ಕುಕ್ಕರಿಸಿ ನೋಡಿ. ಆಗದಿದ್ದರೆ ಕೆಳಗಿನ ಅಂಚನ್ನು ಮೂರು ಬೆರಳು ಕತ್ತರಿಸಿ. ಕುಕ್ಕರಿಸಲು ಬಾರದ ಕವಚದಲ್ಲಿ ಬೀಳಲೂ ಬಾರದು.

ಇಷ್ಟೆಲ್ಲ ಹೇಳಿದರೂ ನಿಮ್ಮ ದೊಡ್ಡ ಕೆಲಸ ಕಾಳಗ ಅಲ್ಲ, ನಿಲ್ಲುವುದು. ಪ್ರವೇಶ, ಪರಿಚಯ, ಮೊದಲ ಎಂಟು ನಡೆ, ನಾಲ್ಕು ಕಾಳಗ ಸೇರಿದರೆ ನೀವು ಒಂದು ಹೆಜ್ಜೆ ಇಡುವ ಮೊದಲೇ ಅರ್ಧ ಗಂಟೆ ಕಳೆದಿರುತ್ತದೆ. ಕಾಲೇಜಲ್ಲಿ ಎನ್‌ಸಿಸಿಯಲ್ಲಿದ್ದವರನ್ನು ಕೇಳಿ ನೋಡಿ, ಪರೇಡಿನಲ್ಲಿ ಧೊಪ್ಪನೆ ಬಿದ್ದವರ ಕತೆ ಹೇಳುತ್ತಾರೆ. ಮೊಣಕಾಲನ್ನು ಬಿಗಿಯಾಗಿ ಹಿಂದಕ್ಕೆ ಒತ್ತಿ ಅಲ್ಲಾಡದೆ ನಿಂತರೆ ಮೀನಖಂಡದ ಸ್ನಾಯು ಕೆಲಸ ನಿಲ್ಲಿಸುತ್ತದೆ. ಕಾಲಿಗಿಳಿದ ರಕ್ತವನ್ನು ಮೇಲೆ ತಳ್ಳುವುದು ಅದೇ. ರಕ್ತ ಕಾಲಲ್ಲೇ ನಿಂತರೆ ತಲೆಗೆ ಕಡಿಮೆ ಬೀಳುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಸೆಖೆ ಇದ್ದರೆ ಇನ್ನೂ ಬೇಗ. ಹಾಗಾಗಿ ಮೊಣಕಾಲು ಒಂಚೂರು ಬಾಗಿರಲಿ. ಬೂಟಿನೊಳಗೆ ಕಾಲ್ಬೆರಳು ಮಡಚಿ ಬಿಡಿ, ಹಿಮ್ಮಡಿಯನ್ನು ಕಾಣದ ಹಾಗೆ ಎತ್ತಿ ಇಳಿಸಿ. ಒಂದು ನಡೆಗೆ ಹತ್ತು ಸಲ ಅಂತ ಲೆಕ್ಕ ಇಟ್ಟುಕೊಂಡರೆ ಹೊತ್ತೂ ಹೋಗುತ್ತದೆ. ತಲೆ ಹಗುರಾದ ಹಾಗೆ ಅನಿಸಿದ ಕೂಡಲೇ ಒಂದು ಮಂಡಿ ಊರಿ ಕೂತುಬಿಡಿ. ಕಾಲಾಳು ಮಂಡಿ ಊರಿ ಕೂತರೆ ಅದೂ ಪಾತ್ರವೇ ಅಂದುಕೊಳ್ಳುತ್ತಾರೆ.

ಆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಇಡ್ಲಿ ತಿನ್ನಿ, ಮಸಾಲೆದೋಸೆ ಸಂಜೆಗೆ ಇಟ್ಟುಕೊಳ್ಳಿ. ಕವಚ ಕಟ್ಟಿಕೊಳ್ಳುವ ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರೂ ಅನುಭವಿಸಿಯೇ ಕಲಿಯುತ್ತಾರೆ. ವಿಗ್ ಮತ್ತು ಬಕಲ್ ಬಿಚ್ಚಲು ಗೊತ್ತಿರುವ ಒಬ್ಬ ಗೆಳತಿ ಬೋರ್ಡಿನ ಪಕ್ಕದಲ್ಲೇ ಇರಲಿ, ಕೈಯಲ್ಲಿ ಸ್ಟ್ರಾ ಹಾಕಿದ ನೀರಿನ ಬಾಟಲಿ ಸಮೇತ.

ಅಮ್ಮನ ‘ಯಾವ ಸೀಮೆ ಆಟ’ಕ್ಕೆ ಉತ್ತರ ಇಲ್ಲಿದೆ. ಕಾಸ್‌ಪ್ಲೇ ಹೊಸದು, ಮನುಷ್ಯರೇ ಕಾಯಿಯಾಗುವುದು ಹಳೆಯದು. ಇಟಲಿಯ ಮರೋಸ್ಟಿಕಾ ಎಂಬ ಊರಿನಲ್ಲಿ 1923ರಲ್ಲಿ ಹೀಗೆ ಆಡಿದ್ದರು. ಈಗಲೂ ಸಮಸಂಖ್ಯೆಯ ವರ್ಷಗಳ ಸೆಪ್ಟೆಂಬರ್‌ನಲ್ಲಿ ಕೋಟೆಯ ಮುಂದಿನ ಚೌಕದಲ್ಲಿ ಆಡುತ್ತಾರೆ, ಕುದುರೆಗಳ ಜಾಗದಲ್ಲಿ ನಿಜವಾದ ಕುದುರೆಗಳೇ. 1924ರಲ್ಲಿ ಲೆನಿನ್‌ಗ್ರಾಡ್‌ನ ಅರಮನೆ ಚೌಕದಲ್ಲಿ ಸೈನಿಕರು ಒಂದು ಕಡೆ, ನೌಕಾಪಡೆಯವರು ಒಂದು ಕಡೆ ಕಾಯಿಗಳಾಗಿ ನಿಂತರು. ಆಟ ಸುಮಾರು ಐದು ಗಂಟೆ ಎಳೆಯಿತು. ಅವರ ಮೊಣಕಾಲಿನ ಗತಿ ನೆನೆಸಿಕೊಳ್ಳಿ. ಮೈಸೂರಿಗಂತೂ ಚದುರಂಗ ಅರಮನೆಯ ಹುಚ್ಚು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟಗಳನ್ನೇ ಕಟ್ಟಿದವರು. ಒಂದೇ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ಒಗಟಿನ ಮಾತು ಬಂದಲ್ಲೆಲ್ಲ ಅವರ ಹೆಸರು ಬರುತ್ತದೆ.

ಇದ್ಯಾವುದೂ ಬೇಡ ಅಂದರೆ, ಮಂಡ್ಯ ಕಡೆಯ ಪೌರಾಣಿಕ ನಾಟಕ ನೆನಪಿಸಿ. ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿದು, ಡ್ರಾಮಾ ಸೀನರಿಯವರಿಂದ ಕಿರೀಟ, ಭುಜಕೀರ್ತಿ ಬಾಡಿಗೆಗೆ ತಂದು, ಮೇಷ್ಟ್ರ ಹಾರ್ಮೋನಿಯಂಗೆ ಬೆಳಗಿನ ಜಾವದವರೆಗೆ ಗದೆ ತಿರುಗಿಸುವವರು ಇನ್ನೇನು ಮತ್ತೆ? ಅಮ್ಮನಿಗೆ ಪ್ರವೇಶ ಸಿಗುವುದಾದರೆ ಕರೆದುಕೊಂಡು ಬನ್ನಿ. ಎ ಸಾಲಿನ ಪಕ್ಕ, ಐದನೇ ಅಡ್ಡಸಾಲಿನ ನೇರಕ್ಕೆ ಕೂರಿಸಿ. ನೀವು ಬೀಳುವುದು ಅವರಿಂದ ಏಳೆಂಟು ಅಡಿ ದೂರದಲ್ಲಿ. ಆದರೆ ನೀವು ಸಾಯುತ್ತೀರಿ ಅಂತ ಮೊದಲೇ ಹೇಳಿಟ್ಟಿರಿ. ನಮ್ಮಪ್ಪ ಮೊದಲ ಸಲ ದುರ್ಯೋಧನನಾಗಿ ತೊಡೆ ಮುರಿದು ಬಿದ್ದಾಗ ನಮ್ಮಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೇಜ್ ಹತ್ತಿದ್ದರು. ಭೀಮನಿಗೆ ಎರಡೇಟು ಬಿದ್ದವು.